ಗೇಮ್ಸ್ ಪರೇಡ್ ಇಲ್ಲದ ಸಂಜೆಗಳು

ಕಾರವಾರ, 17 ಡಿಸೆಂಬರ್ 2024, ಮಂಗಳವಾರ

ತಮ್ಮ ರಜೆಯ ಮೇಲೆ ಬಂದಿದ್ದಾನೆ. ಪದಾತಿ ದಳದಲ್ಲಿ ಹವಾಲ್ದಾರ್. ಯಾವ ಪಲ್ಟನ್ (ಸೇನಾ ತುಕಡಿ), ಎಲ್ಲಿದೆ ಎಂದು ಬರೆದರೆ ಸಿಟ್ಟಾಗುತ್ತಾನೆ, ಅದು ಬೇಡ. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮನೆಯಲ್ಲಿ ಸೀಟಿ ಊದುವವರು ಇಬ್ಬರಾದರೆ ಊಟದ ಹೊತ್ತಿನ ಮಾತು ಬೇರೆಲ್ಲಿಗೆ ಹೋದೀತು? ಇಂದು ಮಧ್ಯಾಹ್ನ ಬಂಗುಡೆ ಸಾರು ಆರಿ ತಣ್ಣಗಾಗುವವರೆಗೂ ಕೊರೊನಾ ನಂತರದ ಸೈನ್ಯದ ಪಿ.ಟಿ. ಬಗ್ಗೆ ವಾದ ನಡೆಯಿತು.

ಸೈನಿಕರಿಗೆ ದಿನಕ್ಕೆ ಎರಡು ಸಲ ಬೆವರುವ ಹೊತ್ತು: ಬೆಳಿಗ್ಗೆ ಪಿ.ಟಿ., ಸಂಜೆ ಗೇಮ್ಸ್ ಪರೇಡ್, ಅಂದರೆ ಎಲ್ಲರೂ ಸೇರಿ ಆಡುವ ಆಟ. 2020ರಲ್ಲಿ ರಜೆ ಮುಗಿಸಿ ಬಂದವರನ್ನೆಲ್ಲ 14 ದಿನ ಬೇರೆಯಾಗಿ ಇಡುತ್ತಿದ್ದರು. ಆಗಲೂ ಬೆಳಗಿನ ವ್ಯಾಯಾಮ ಹೇಗೋ ಸಾಗಿತಂತೆ, ಸಣ್ಣ ಗುಂಪುಗಳಲ್ಲಿ, ಕೈಯಳತೆಗೂ ಮೀರಿದ ಅಂತರದಲ್ಲಿ. ಪೂರ್ತಿ ನಿಂತುಹೋದದ್ದು ಸಂಜೆಯ ಆಟ. ಕಬಡ್ಡಿಯಂತೂ ಎದುರಾಳಿಯ ಮುಖದ ಮೇಲೆಯೇ ಉಸಿರು ಬಿಡುವ ಆಟ, ಅದನ್ನು ಆಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಸೋಂಕು ತಗುಲಿ ಗುಣವಾದವರ ಕತೆ ಬೇರೆ. ಗಟ್ಟಿ ಜವಾನನಿಗೆ ಜ್ವರ ಬಿಟ್ಟ ಮರುದಿನವೇ ಓಡಬೇಕೆನಿಸುತ್ತದೆ, ಓಡಿಸಬಾರದು. ಕೊರೊನಾ ಕೆಲವರಲ್ಲಿ ಹೃದಯದ ಸ್ನಾಯುವಿಗೇ ಉರಿಯೂತ ತರುತ್ತದೆ, ಆ ಸ್ಥಿತಿಯಲ್ಲಿ ಜೋರಾಗಿ ಓಡಿದರೆ ಎದೆಬಡಿತ ತಾಳ ತಪ್ಪಿ ಜೀವಕ್ಕೇ ಅಪಾಯ. ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಎದೆನೋವು ಅಥವಾ ತಲೆಸುತ್ತು ಕಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂಬುದು ವೈದ್ಯರ ಮಾತು. ಪಿ.ಟಿ. ಮಾಡಿಸುವ ಉಸ್ತಾದರ ಕಷ್ಟ ಇಲ್ಲಿ. ಮೈಗಳ್ಳರನ್ನು ಓಡಿಸುವುದಷ್ಟೇ ಅವರಿಗೆ ಗೊತ್ತಿದ್ದ ವಿದ್ಯೆ, ಹುಮ್ಮಸ್ಸಿನವರನ್ನು ತಡೆದು ನಿಲ್ಲಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. (ಮಾಸ್ಕ್ ಹಾಕಿಕೊಂಡು ವ್ಯಾಯಾಮ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ನಮ್ಮೂರ ಕಡಲತೀರದಲ್ಲಿ ಮೂಗು ಬಾಯಿ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದವರಿಗೆ ಅದನ್ನು ಯಾರು ತಿಳಿಸಬೇಕಿತ್ತೋ.)

2024ರಲ್ಲಿ ಲೆಕ್ಕಾಚಾರ ಬಿಗಿಯಾಯಿತು. ಬೆನ್ನಿಗೆ ಚೀಲ, ಕೈಯಲ್ಲಿ ರೈಫಲ್ ಹಿಡಿದು 5 ಕಿ.ಮೀ. ಓಟ, 60 ಮೀಟರ್ ಸ್ಪ್ರಿಂಟ್, ಹಗ್ಗ ಹತ್ತುವುದು, 9 ಅಡಿ ಹಳ್ಳ ಜಿಗಿಯುವುದು ಮೊದಲಿನಿಂದಲೂ ಇದ್ದವು. ಇವುಗಳ ಮೇಲೆ 10 ಕಿ.ಮೀ. ವೇಗದ ನಡಿಗೆ, 32 ಕಿ.ಮೀ. ರೂಟ್ ಮಾರ್ಚ್, 50 ಮೀಟರ್ ಈಜು ಸೇರಿದ ಸುದ್ದಿ ಆ ವರ್ಷದ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಪ್ರತಿಯೊಬ್ಬನ ದೇಹಕ್ಷಮತೆಗೂ ಒಂದು ಕಾರ್ಡ್. ಕಾಳಿ ನದಿಯ ದಡದಲ್ಲಿ ಬೆಳೆದವನಿಗೆ 50 ಮೀಟರ್ ಈಜು ಒಂದು ಪರೀಕ್ಷೆಯೇ ಎಂದು ತಮ್ಮ ನಗುತ್ತಾನೆ. ಒಣಭೂಮಿಯಿಂದ ಬಂದ ಹುಡುಗರು ನಗುವುದಿಲ್ಲ.

ನನಗೆ ಈ ಬಿಗಿ ಇಷ್ಟವಾಯಿತು, ಹಾಗೆಂದು ಹೇಳಿಯೂ ಬಿಟ್ಟೆ. ಅವನು ಒಪ್ಪಲಿಲ್ಲ.

"ಅಕ್ಕಾ, ಓಟ ಕೆಲವು ತಿಂಗಳಲ್ಲಿ ಮರಳಿ ಬಂತು. ಆಟವಿಲ್ಲದ ಕಾಲದಲ್ಲಿ ಪಲ್ಟನ್ ಸೇರಿದ ಹುಡುಗರು ಎಷ್ಟೋ ದಿನ ನಮಗೆ ಅಪರಿಚಿತರಾಗಿಯೇ ಉಳಿದರು" ಎಂದ.

ಅಂಥವರಲ್ಲಿ ಒಬ್ಬ ಬಾಯಿ ಬಿಡದ ಹುಡುಗನಿದ್ದನಂತೆ. ರೋಲ್ ಕಾಲ್‌ನಲ್ಲಿ ಉತ್ತರ ಕೊಡುವುದು ಬಿಟ್ಟರೆ ಅವನ ದನಿಯನ್ನೇ ಯಾರೂ ಕೇಳಿರಲಿಲ್ಲ. ವಾಲಿಬಾಲ್ ಮತ್ತೆ ಶುರುವಾದ ಮೇಲೆ ನೋಡಿದರೆ ಅವನು ಒಳ್ಳೆಯ ಲಿಫ್ಟರ್ (ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು), ಅಂಕಣದಲ್ಲಿ ಸುಬೇದಾರರಿಗೇ "ಸಾಬ್, ಹಿಂದೆ ಸರಿಯಿರಿ" ಎಂದು ಕೂಗುತ್ತಿದ್ದ. ಅಧಿಕಾರಿಯೂ ಜವಾನನೂ ಒಂದೇ ನೆಟ್ಟಿನ ಬದಿಯಲ್ಲಿ ನಿಂತು ಪರಸ್ಪರ ಬೈದುಕೊಳ್ಳಬಹುದಾದ ಜಾಗ ಸೈನ್ಯದಲ್ಲಿ ಅದೊಂದೇ ಇರಬೇಕು. ಯಾರು ಸೋಲುವಾಗ ಕೆರಳುತ್ತಾನೆ, ಯಾರು ಬಿದ್ದವನನ್ನು ಎಬ್ಬಿಸುತ್ತಾನೆ ಎಂಬುದು ಅಲ್ಲಿ ಗೊತ್ತಾಗುತ್ತದೆ, ಕಾರ್ಡಿನಲ್ಲಿ ಅದಕ್ಕೆ ಅಂಕಣವಿಲ್ಲ ಎನ್ನುವುದು ತಮ್ಮನ ವಾದ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯ ನೋಡುತ್ತ ಬೆಳೆದವನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ತೂಕ ಏರಿದವನು ಬೆಟ್ಟದಲ್ಲಿ ಹಿಂದೆ ಬಿದ್ದರೆ ಆಟದ ಸ್ನೇಹ ಅವನನ್ನು ಎಷ್ಟು ದೂರ ಹೊತ್ತೀತು ಎಂದು ನಾನೂ ಬಿಡಲಿಲ್ಲ.

ಅವನ ಮಾತು ನಾಟಿದ್ದು ಸೈನ್ಯ ಸೇರಲು ಓಡುವ ನನ್ನದೇ ಹುಡುಗರ ವಿಷಯಕ್ಕೆ. ಎರಡು ವರ್ಷ ಸೈನ್ಯ ಭರ್ತಿ ರ್‍ಯಾಲಿ ಇಲ್ಲದೆ, 2022ರ ಜೂನ್‌ನಲ್ಲಿ ಸೈನಿಕರ ಹೊಸ ಭರ್ತಿ ಯೋಜನೆ ಅಗ್ನಿಪಥ ಘೋಷಣೆಯಾದಾಗ ಇಲ್ಲಿನ ಎಷ್ಟೋ ಮಂದಿ ವಯಸ್ಸು ಮೀರುವ ಅಂಚಿನಲ್ಲಿದ್ದರು. ಆ ಒಂದು ವರ್ಷದ ಮಟ್ಟಿಗೆ ಮಿತಿಯನ್ನು 21ರಿಂದ 23ಕ್ಕೆ ಏರಿಸಿದ್ದರಿಂದ ಕೆಲವರು ಉಳಿದುಕೊಂಡರು. ಅಂದಿನಿಂದ ಟ್ಯಾಗೋರ್ ಕಡಲತೀರದಲ್ಲಿ ಬೆಳಗಾದರೆ ಭರ್ತಿ ಓಟದ ಒಂದೇ ಮಂತ್ರ, 1.6 ಕಿ.ಮೀ., ಐದೂವರೆ ನಿಮಿಷ, ಪೂರ್ಣ 60 ಅಂಕ. ಇಳಿತದ ಹೊತ್ತಿನ ಗಟ್ಟಿ ಮರಳು ಸಮುದ್ರದ ಕಡೆಗೆ ವಾಲಿರುತ್ತದೆ, ಒಂದೇ ದಿಕ್ಕಿಗೆ ಓಡಿ ಓಡಿ ಒಂದು ಕಾಲಿನ ಮೊಣಕಾಲು ಕೆಡುತ್ತದೆ. ಉಸಿರು ವಾರಗಳಲ್ಲಿ ಪಳಗುತ್ತದೆ, ಮೂಳೆಗೆ ತಿಂಗಳುಗಳು ಬೇಕು. ಕಣಕಾಲಿನ ನೋವನ್ನು ಮುಚ್ಚಿಟ್ಟು ಓಡುವವರನ್ನು ಬೈದು ಕೂರಿಸುವುದೇ ನನ್ನ ಅರ್ಧ ಕೆಲಸ.

ಶಿರಸಿ ತಾಲೂಕಿನ ಕಾಶೀನಾಥ ನಾಯ್ಕರ ಹೆಸರನ್ನು ಈ ಹುಡುಗರಿಗೆ ಆಗಾಗ ಹೇಳುತ್ತೇನೆ. ಸೈನ್ಯ ಸೇರಿದವರು, 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಜಾವೆಲಿನ್ ಎಸೆದು ಕಂಚು ಗೆದ್ದವರು. ಕೇಳಿಸಿಕೊಂಡ ಹುಡುಗರು ಮತ್ತೆ ಸ್ಟಾಪ್‌ವಾಚ್ ನೋಡುತ್ತಾರೆ.

ಸಂಜೆ ತಮ್ಮ ನಮ್ಮ ಶಾಲೆಯ ಸಲಕರಣೆ ಕೋಣೆ ನೋಡಿ ಬಂದ. ವಾಲಿಬಾಲ್ ನೆಟ್ ಹರಿದಿದೆ, ಹುಡುಗರಿಗೆ ಬರೀ ಓಟ ಕಲಿಸುತ್ತೀಯಾ ಎಂದು ಗೊಣಗಿದ. ಹೊಸ ನೆಟ್ಟಿಗೆ ಮುಖ್ಯಾಧ್ಯಾಪಕರಿಗೆ ಅರ್ಜಿ ಬರೆದಿದ್ದೇನೆ. ಅದು ಮಂಜೂರಾಗುವ ಮೊದಲು ಇವನ ರಜೆಯೇ ಮುಗಿಯುತ್ತದೆ ಎಂದರೆ, ಹಾಗಾದರೆ ಹಗ್ಗ ಕಟ್ಟಿ ಆಡಿಸುತ್ತೇನೆ ಎನ್ನುತ್ತಾನೆ.