ಬನ್ನಿ, ಬಾರ್ಸಿಲೋನಾ ಮತ್ತು ಒಂದು ಹಾರ್ಮೋನಿಯಂ

ಧಾರವಾಡ, 12 ಅಕ್ಟೋಬರ್ 2024, ಶನಿವಾರ ರಾತ್ರಿ

ಬನ್ನಿ ಕೊಡೋರು, ತಗೊಳ್ಳೋರು ಎಲ್ಲ ಬಂದು ಹೋಗಿ ಈಗ ಮನೆ ತಣ್ಣಗಾಗಿದೆ. ಟೀಪಾಯಿ ಮೇಲೆ ಎಲೆಗಳ ಗುಡ್ಡೆ. ಚಹಾದ ಲೋಟ ತೊಳೆದಿಲ್ಲ. ತೊಳೆಯೋಕೆ ಮುಂಚೆ ಇದನ್ನು ಬರೆದುಬಿಡುತ್ತೇನೆ, ಆಮೇಲಾದರೆ ನಿದ್ದೆ.

ದಸರಾ ರಜೆ ಅಂತ ಮಗಳ ಮೂವರು ಗೆಳತಿಯರು ಮಧ್ಯಾಹ್ನ ಊಟಕ್ಕೇ ಬಂದಿದ್ದರು. ಹೋಳಿಗೆ ಉಂಡು ‘ಚೀತಾ ಗರ್ಲ್ಸ್’ ಎರಡನೇ ಭಾಗ ಹಾಕಿಕೊಂಡು ಕೂತರು. 2006ರ ಡಿಸ್ನಿ ಚಾನೆಲ್ ಸಿನಿಮಾ, ಇವರು ಯಾರೂ ಹುಟ್ಟಿರಲೇ ಇಲ್ಲ. ನಾನು ಸುಮ್ನೆ ಬಾಗಿಲಲ್ಲಿ ನಿಂತವಳು ಮುಗಿಯೋವರೆಗೂ ಕೂತುಬಿಟ್ಟೆ.

ಕಥೆ ಇಷ್ಟೇ. ನ್ಯೂಯಾರ್ಕಿನ ನಾಲ್ಕು ಹುಡುಗಿಯರು, ಒಂದು ಹಾಡಿನ ತಂಡ, ಸ್ಪೇನಿನ ಬಾರ್ಸಿಲೋನಾದ ಸಂಗೀತ ಉತ್ಸವದಲ್ಲಿ ಹಾಡೋಕೆ ಹೋಗುತ್ತಾರೆ. ನಿರ್ದೇಶಕ ಕೆನ್ನಿ ಒರ್ಟೇಗಾ, ಅದೇ ವರ್ಷ ‘ಹೈ ಸ್ಕೂಲ್ ಮ್ಯೂಸಿಕಲ್’ ಮಾಡಿದವರು, ಹಾಗಾಗಿ ಗಲ್ಲಿ ತಿರುಗಿದರೆ ಕುಣಿತ. ಅಲ್ಲಿನ ಒಬ್ಬ ಗಾಯಕಿಯ ತಾಯಿ ಇವರನ್ನು ಒಡೆಯೋಕೆ ನೋಡುತ್ತಾಳೆ. ಕಂಪನಿ ನಾಟಕದ ಮಲತಾಯಿ ಥರ, ಹುಬ್ಬು ಏರಿಸಿದರೇ ಗೊತ್ತಾಗುತ್ತದೆ. ಮಕ್ಕಳ ಜೊತೆ ಕೂತು ನೋಡೋಕೆ ಯಾವ ಮುಜುಗರವೂ ಇಲ್ಲ, ರಿಮೋಟ್ ಹುಡುಕಬೇಕಾಗಿಲ್ಲ.

ಆದರೆ ನನಗೆ ಅನ್ನಿಸಿದ್ದು, ತಂಡ ಒಡೆದದ್ದು ಆ ತಾಯಿಯಿಂದ ಅಲ್ಲ. ತಾಲೀಮಿನಿಂದ. ಗಲೇರಿಯಾ ಅನ್ನೋ ಹುಡುಗಿಗೆ ತಾಲೀಮು ಬೇಕು. ಉಳಿದವರಲ್ಲಿ ಒಬ್ಬಳಿಗೆ ಟ್ಯಾಂಗೋ, ಒಬ್ಬಳಿಗೆ ಫ್ಯಾಷನ್, ಒಬ್ಬಳಿಗೆ ಹೊಸ ಗೆಳತಿ. ಹೊಸ ಊರು ಅಲ್ವಾ! ಕೊನೆಗೆ ಆಕೆ ಸಿಟ್ಟಾಗಿ ರೈಲು ಹತ್ತೋಕೆ ಹೊರಟೇಬಿಡುತ್ತಾಳೆ.

ಅಲ್ಲಿಗೆ ನನ್ನ ಕೈಯಲ್ಲಿದ್ದ ಚಹಾ ಆರಿತು. 1997ರಲ್ಲಿ ನಾವೂ ಆರು ಜನ ಕಾಲೇಜಿನಿಂದ ಸಮೂಹ ಗಾಯನಕ್ಕೆ ಪುಣೆಗೆ ಹೋಗಿದ್ದೆವು. ಬೆಳಗಾವಿ ದಾಟಿರದ ನಮಗೆ ಪುಣೆಯೇ ಪರದೇಶ. ಹಾರ್ಮೋನಿಯಂ ಕಾಲೇಜಿನದು, ತಿದಿಯಲ್ಲಿ ತೂತು, ಅದಕ್ಕೆ ಗಾಯದ ಪಟ್ಟಿ ಅಂಟಿಸಿದ್ದೆವು, ಪೆಟ್ಟಿಗೆಯ ಕೊಂಡಿ ಮುರಿದಿದ್ದರಿಂದ ಯಾರದೋ ಲಂಗದ ಲಾಡಿಯಿಂದ ಬಿಗಿದು ಕಟ್ಟಿದ್ದೆವು. ಬಾರಿಸುತ್ತಿದ್ದ ಗೆಳತಿ ಮಾತು ಕಡಿಮೆ, ಕಿವಿ ಮಾತ್ರ ಚೂಪು. “ಕಪ್ಪು ನಾಲ್ಕಕ್ಕ ಹಾಡೋಣು, ಐದಕ್ಕ ಹಿಡಿದ್ರ ಅಂತರಾದಾಗ ದನಿ ಹತ್ತಂಗಿಲ್ಲ” ಅಂತ ರೈಲಿನಲ್ಲೇ ಹೇಳಿದ್ದಳು. ಕಪ್ಪು ನಾಲ್ಕು, ಐದು ಅಂದರೆ ಶ್ರುತಿ ಹಿಡಿಯೋ ಹಾರ್ಮೋನಿಯಂನ ಕಪ್ಪು ಮನೆಗಳು, ಐದು ಇನ್ನೂ ಎತ್ತರ; ಅಂತರಾ ಅಂದರೆ ಹಾಡಿನಲ್ಲಿ ದನಿ ಮೇಲೇರೋ ಭಾಗ. ನಮಗೆ ಐದೇ ಬೇಕು, ಅದರಲ್ಲೇ ದನಿ ಖಣಖಣ ಅನ್ನುತ್ತೆ ಅಂತ. ಮಧ್ಯಾಹ್ನ ಆಕೆ ತಾಲೀಮಿಗೆ ಕಾಯುತ್ತ ಕೂತಿದ್ದರೆ ನಾವು ಐದೂ ಜನ ಲಕ್ಷ್ಮಿ ರಸ್ತೆಯಲ್ಲಿ ಡ್ರೆಸ್ ಪೀಸ್ ಚೌಕಾಸಿ ಮಾಡುತ್ತಿದ್ದೆವು. ಕತ್ತಲಾದ ಮೇಲೆ ಬಂದು ನೋಡಿದರೆ ಆಕೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ.

ಸ್ಟೇಷನ್‌ಗೆ ಓಡಿದೆವು. ಪ್ಲಾಟ್‌ಫಾರ್ಮ್ ಮೇಲೆ ಹಾರ್ಮೋನಿಯಂ ಪೆಟ್ಟಿಗೆಯ ಮೇಲೇ ಕೂತು ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಅಳು ಇಲ್ಲ, ಡೈಲಾಗ್ ಇಲ್ಲ. ನಾವೇ ಅತ್ತೆವು. ಒಂದು ರೊಟ್ಟಿ ಮುರಿದು ನಮ್ಮ ಕಡೆ ಚಾಚಿ, ಪೆಟ್ಟಿಗೆ ಎತ್ತಿಕೊಂಡು ನಡೆದಳು.

ಸಿನಿಮಾದಲ್ಲಿ ಇಷ್ಟಾದ ಮೇಲೆ ಎಲ್ಲರೂ ಸೇರಿ ಹಾಡಿ ಸ್ಟೇಜ್ ಅಲುಗಾಡಿಸುತ್ತಾರೆ. ನಾವು ಮರುದಿನ ಮತ್ತೆ ಐದಕ್ಕೇ ಹಿಡಿದೆವು! ಅಂತರಾದಲ್ಲಿ ನನ್ನ ದನಿ ಫಟ್ ಅಂತ ಒಡೆಯಿತು. ಬಹುಮಾನ ಇಲ್ಲ. ವಾಪಸ್ ಬರುವಾಗ ಹುಬ್ಬಳ್ಳಿವರೆಗೂ ಆಕೆ ಕಿಟಕಿ ಕಡೆ ಮುಖ ಮಾಡಿದ್ದಳು.

ಹುಡುಗಿಯರು ಚುರುಮುರಿ ಮುಗಿಸಿ ಮೂರನೇ ಭಾಗವನ್ನೂ ಹಾಕಿದರು. 2008ರದು, ಈ ಸಲ ತಂಡ ಭಾರತಕ್ಕೇ ಬರುತ್ತದೆ, ಉದಯಪುರದ ಕೆರೆ, ಅರಮನೆ ಎಲ್ಲ ಇದೆ. ಅವರು ತೋರಿಸೋ ಭಾರತ ನೋಡಿ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಮಗಳು ಕೇಳಿದಳು, “ಅವ್ವಾ, ಇದರಾಗ ಮೂರೇ ಮಂದಿ ಅದಾರಲ್ಲ, ಗಲೇರಿಯಾ ಎಲ್ಲಿ?” ಆ ಪಾತ್ರ ಮಾಡಿದ್ದ ರೇವನ್-ಸಿಮೋನ್ ಮೂರನೆಯದರಲ್ಲಿ ಇಲ್ಲ. ಓದೋಕೆ ಹೋಗಿದ್ದಾಳೆ ಅಂತ ಹೇಳಿ ಕಥೆ ಮುಂದೆ ಹೋಗುತ್ತದೆ. ಎರಡನೆಯದರಲ್ಲಿ ರೈಲಿನಿಂದ ಅಷ್ಟು ಕಷ್ಟಪಟ್ಟು ವಾಪಸ್ ಕರೆತಂದವಳು!

ನನ್ನ ಗೆಳತಿ ಈಗ ಹಾವೇರಿಯಲ್ಲಿದ್ದಾಳೆ. ಜಗಳ ಏನಿಲ್ಲ, ಮಾತೂ ಇಲ್ಲ. ಒಂಬತ್ತು ಗಂಟೆಗೆ ಬನ್ನಿಯ ಫೋಟೋ ಕಳಿಸೋಣ ಅಂತ ಫೋನ್ ತೆಗೆದೆ. ಐದು ಜನರಿಂದ ಅದೇ ಫಾರ್ವರ್ಡ್ ಬಂದಿತ್ತು, ಅದನ್ನೇ ಕಳಿಸೋಕೆ ನಾಚಿಕೆಯಾಗಿ ಫೋನೇ ಮಾಡಿದೆ.

“ಬಂಗಾರ ತಗೊಂಡು ಬಂಗಾರದಂಗ ಇರೋಣು” ಅಂದೆ. ಆ ಕಡೆ ಎರಡು ಕ್ಷಣ ಸುಮ್ಮನೆ. ಕುಕ್ಕರ್ ಸೀಟಿ ಕೇಳಿಸಿತು.

“ಕಪ್ಪು ನಾಲ್ಕು ಅಂತ ಆವತ್ತೇ ಹೇಳಿದ್ನಿ” ಅಂದಳು.