ನಿಂಜಾ ಊರಲ್ಲಿ ಸೆಕ್ಯುರಿಟಿ ಅಂಕಲ್

ಒಸಾಕಾಕ್ಕೆ ಬಂದು ಮೂರು ತಿಂಗಳಾದರೂ ಮಗನದು ಒಂದೇ ರಾಗ: "ಅಮ್ಮಾ, ನಿಂಜಾ ಎಲ್ಲಿ?" ಬೆಂಗಳೂರು ಬಿಡುವಾಗ ಅವನು ಅಳಬಾರದೆಂದು ನಾವೇ ತೋರಿಸಿದ ಆಮಿಷ ಅದು. ಕೊನೆಗೆ ನವೆಂಬರಿನ ಒಂದು ಶನಿವಾರ, ಇವರಿಗೆ ಆಫೀಸಿದ್ದುದರಿಂದ, ನಾವಿಬ್ಬರೇ ನಿಂಜಾಗಳ ತವರು ಇಗಾಕ್ಕೆ ಹೊರಟೆವು.

ಕಾಮೊ ಸ್ಟೇಷನ್ನಿನಲ್ಲಿ ವಿದ್ಯುತ್ ರೈಲು ಬಿಟ್ಟು ಚಿಕ್ಕ ಡೀಸೆಲ್ ರೈಲು ಹತ್ತಬೇಕು. ಪಕ್ಕದಲ್ಲಿ ನದಿ, ಆಮೇಲೆ ಗುಡ್ಡ, ಮತ್ತೆ ಗುಡ್ಡ. ಇಗಾ-ಉಯೆನೊದಲ್ಲಿ ಇಳಿದು ಇನ್ನೊಂದು ಪುಟಾಣಿ ರೈಲು. ಅದರ ಮೂತಿಯ ಮೇಲೆ ಮುಸುಕಿನ ಸಂದಿಯಿಂದ ದಿಟ್ಟಿಸುವ ಎರಡು ದೊಡ್ಡ ಕಣ್ಣು ಬರೆದಿದ್ದಾರೆ. ಮಗನ ಮಟ್ಟಿಗೆ ಟಿಕೆಟಿನ ದುಡ್ಡು ಅಲ್ಲಿಗೇ ವಸೂಲಿ.

ನಿಂಜಾ ಮ್ಯೂಸಿಯಂ ಇರುವುದು ಉಯೆನೊ ಕೋಟೆಯ ಉದ್ಯಾನದಲ್ಲಿ. "ನಿಂಜಾ ಮನೆ" ಎಂದು ಕರೆದುಕೊಂಡು ಹೋದರೆ ಎದುರಿಗೆ ಹುಲ್ಲು ಹೊದಿಸಿದ ರೈತರ ಮನೆ. ಮಗನ ಮುಖ ಸಪ್ಪಗಾಯಿತು. ಒಳಗೆ ನಿಂಜಾ ವೇಷದ ಹುಡುಗಿಯೊಬ್ಬಳು ಗೋಡೆಗೆ ಭುಜ ಕೊಟ್ಟಳು. ಗೋಡೆ ಗಿರಕ್ಕನೆ ತಿರುಗಿತು, ಹುಡುಗಿ ಇಲ್ಲ! ಮರುಕ್ಷಣ ಬೇರೆ ಕಡೆಯಿಂದ ಬಂದು, ಹೊಸ್ತಿಲ ಹತ್ತಿರದ ಹಲಗೆಯ ತುದಿಯನ್ನು ಪಾದದಿಂದ ಒತ್ತಿದಳು. ಇನ್ನೊಂದು ತುದಿ ಟಕ್ಕೆಂದು ಎದ್ದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದರಡಿಯ ಕತ್ತಿ ಅವಳ ಕೈಯಲ್ಲಿತ್ತು. ನಾನೂ ಗೋಡೆಗೆ ಭುಜ ಕೊಟ್ಟು ನೋಡಿದೆ. ಹೆಗಲಿಗಿದ್ದ ಬ್ಯಾಗು ಸಿಕ್ಕಿಕೊಂಡಿತು. ಮಗ ನನ್ನ ಪರಿಚಯವೇ ಇಲ್ಲದವನಂತೆ ಬೇರೆ ಕಡೆ ನೋಡಿದ.

ಮನೆ ರೈತನದೇ, ಏಕೆಂದರೆ ಅದರಲ್ಲಿದ್ದವನೂ ಹೆಚ್ಚುಕಡಿಮೆ ರೈತನೇ. ಸುತ್ತ ಬೆಟ್ಟವಿದ್ದ ಇಗಾದಲ್ಲಿ ಎಲ್ಲರನ್ನೂ ಹಿಡಿತದಲ್ಲಿಟ್ಟ ದೊಡ್ಡ ಒಡೆಯ ಇರಲಿಲ್ಲ. ಹೊಲ ನೋಡಿಕೊಂಡು, ಬೇಕಾದಾಗ ಕತ್ತಿ ಹಿಡಿಯುತ್ತಿದ್ದ ಸಣ್ಣಪುಟ್ಟ ಮನೆತನಗಳೇ ಒಟ್ಟಾಗಿ ಕೂತು ಊರಿನ ವ್ಯವಹಾರ ತೀರ್ಮಾನಿಸುತ್ತಿದ್ದವು. ಪಕ್ಕದ ಕೋಕಾದಲ್ಲೂ ಹೀಗೆಯೇ. ಒಡೆಯರು ಒಬ್ಬರಿಗೊಬ್ಬರು ಬಡಿದಾಡುತ್ತಿದ್ದ ಹದಿನೈದು, ಹದಿನಾರನೇ ಶತಮಾನಗಳಲ್ಲಿ ಇವರ ಕಸುಬಿಗೆ ಹೊರಗಿನಿಂದ ಬೇಡಿಕೆ ಬಂತು: ಶತ್ರು ಕೋಟೆಯೊಳಗೆ ನುಸುಳುವುದು, ಬೆಂಕಿ ಹಚ್ಚುವುದು, ಎಲ್ಲಕ್ಕಿಂತ ಮುಖ್ಯವಾಗಿ ಸುದ್ದಿ ತರುವುದು. ಸುದ್ದಿ ತರಬೇಕಾದರೆ ಜೀವಂತ ವಾಪಸು ಬರಬೇಕಲ್ಲ. ಹಾಗಾಗಿ ಕಾದಾಡುವುದಕ್ಕಿಂತ ಓಡಿಹೋಗುವುದೇ ಇವರ ಜಾಣತನ. ಆಗ ಇವರನ್ನು ಕರೆಯುತ್ತಿದ್ದುದು ಶಿನೊಬಿ ಎಂದು. ನಿಂಜಾ ಎಂಬ ಹೆಸರು ಮನೆಮಾತಾದದ್ದು ಇಪ್ಪತ್ತನೇ ಶತಮಾನದಲ್ಲಿ.

"ಕಪ್ಪು ಡ್ರೆಸ್?" ಮಗ ಕೇಳಿದ. ಅದೂ ಹೋಯಿತು. ಶಿನೊಬಿ ಓಡಾಡುತ್ತಿದ್ದುದು ಸನ್ಯಾಸಿ, ವ್ಯಾಪಾರಿ, ಆಟ ತೋರಿಸುವವನ ವೇಷದಲ್ಲಿ. ಹಗಲುಹೊತ್ತು ಮೈತುಂಬ ಕಪ್ಪು ತೊಟ್ಟು ಹೋದರೆ ಊರ ನಾಯಿಗಳೇ ಹಿಡಿದುಕೊಡುತ್ತವೆ. ಕಪ್ಪು ಬಟ್ಟೆ ನಾಟಕದ ರಂಗದಿಂದ ಬಂತು ಎನ್ನುವವರಿದ್ದಾರೆ. ಕಬುಕಿಯಲ್ಲಿ ಸಾಮಾನು ಎತ್ತಿಡುವವರು ಕಪ್ಪು ಹಾಕಿರುತ್ತಾರೆ, ಪ್ರೇಕ್ಷಕರು ಕಂಡರೂ ಕಾಣದಂತೆ ಕೂರುತ್ತಾರೆ. ನನಗಂತೂ ಈ ವಿವರಣೆ ಬಹಳ ಹಿಡಿಸಿತು. ಮಗನಿಗೆ ಇಲ್ಲ. ಅವನು ಬೆರಳು ಹೆಣೆದು ಟೀವಿಯಲ್ಲಿ ಕಲಿತ ಮುದ್ರೆ ಮಾಡುತ್ತಿದ್ದ. ತಮಾಷೆಯೆಂದರೆ ಆ ಮುದ್ರೆಗಳ ಬೇರು ನಮ್ಮ ಕಡೆಯದೇ, ಬೌದ್ಧ ತಂತ್ರದ ಜೊತೆ ಹೋದದ್ದು. ಸಮುರಾಯಿಗಳೂ ಶಿನೊಬಿಗಳೂ ತಮ್ಮನ್ನು ಮರೆಮಾಡು ಎಂದು ಬೇಡುತ್ತಿದ್ದ ದೇವತೆ ಮರಿಶಿತೆನ್, ಅಂದರೆ ನಮ್ಮ ಮರೀಚಿ. ಮರೀಚಿಕೆಯನ್ನು ಹಿಡಿದವರುಂಟೇ!

ದೇಶವನ್ನೆಲ್ಲ ಗೆಲ್ಲಹೊರಟಿದ್ದ ಒಡೆಯ ಒಡಾ ನೊಬುನಾಗನ ಮಗ 1579ರಲ್ಲಿ ಅಪ್ಪನನ್ನು ಕೇಳದೆ ಇಗಾಕ್ಕೆ ನುಗ್ಗಿ, ಒದೆ ತಿಂದು ವಾಪಸಾದ. 1581ರಲ್ಲಿ ಅಪ್ಪನ ದೊಡ್ಡ ಸೈನ್ಯವೇ ನಾಲ್ಕಾರು ದಿಕ್ಕಿನಿಂದ ಇಳಿಯಿತು. ಹಳ್ಳಿ, ದೇವಸ್ಥಾನ ಎಲ್ಲ ಬೂದಿ. ಮರುವರ್ಷ ಕ್ಯೋಟೋದಲ್ಲಿ ನೊಬುನಾಗ ತನ್ನದೇ ಸೇನಾನಿಯ ದ್ರೋಹಕ್ಕೆ ಬಲಿಯಾದ. ಆಗ ಒಸಾಕಾ ಪಕ್ಕದ ಸಕಾಯಿಯಲ್ಲಿದ್ದ ಅವನ ಮಿತ್ರ, ಇನ್ನೊಬ್ಬ ಒಡೆಯ ತೊಕುಗಾವ ಇಎಯಾಸು ಬೆರಳೆಣಿಕೆಯ ಜನರೊಂದಿಗೆ ಊರಿಗೆ ಓಡಬೇಕಾಯಿತು. ದಾರಿ ಇದೇ ಇಗಾ ಬೆಟ್ಟಗಳ ಮೂಲಕ, ಜೊತೆಯಲ್ಲಿ ಇಗಾ ಮೂಲದ ಅವನ ಸೇನಾನಿ ಹತ್ತೊರಿ ಹಂಜೊ. ಕಾಡುದಾರಿ ದಾಟಿಸಿದವರು ಇಗಾದವರು. ಮುಂದೆ ದೇಶವೇ ಇಎಯಾಸುವಿನ ಕೈಗೆ ಬಂದಾಗ ಅವನು ಅವರನ್ನು ಮರೆಯಲಿಲ್ಲ, ಎದೊ, ಅಂದರೆ ಈಗಿನ ಟೋಕಿಯೊ, ಕೋಟೆಯಲ್ಲಿ ಕೆಲಸ ಕೊಟ್ಟ. ಇಂದಿಗೂ ಟೋಕಿಯೊ ಅರಮನೆಯ ಒಂದು ಬಾಗಿಲಿಗೆ ಹಂಜೊನ ಹೆಸರು, ಅದರಿಂದ ಮೆಟ್ರೊ ಲೈನಿಗೂ.

"ಏನು ಕೆಲಸ ಅಮ್ಮಾ?"

"ಬಾಗಿಲು ಕಾಯೋದು ಪುಟ್ಟಾ. ಪಾಳಿ ಮೇಲೆ."

ಮಗ ನಿಂತುಬಿಟ್ಟ. "ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಂಕಲ್ ಥರಾನಾ?"

ನಗು ಬಂತು, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಯುದ್ಧ ನಿಂತ ಮೇಲೆ ಗೂಢಚಾರನಿಗೆ ಹೊಟ್ಟೆಪಾಡು ಬೇಕಲ್ಲ. ಬನ್ಸೆನ್‌ಶುಕಾಯಿ ಎಂಬ ಶಿನೊಬಿ ವಿದ್ಯೆಯ ದೊಡ್ಡ ಗ್ರಂಥವನ್ನು ಇಗಾ ಮನೆತನದವನೊಬ್ಬ ಬರೆದದ್ದು 1676ರಲ್ಲಿ. ಅಷ್ಟರಲ್ಲಿ ದೇಶ ತಣ್ಣಗಾಗಿ ಎರಡು ತಲೆಮಾರು ಕಳೆದಿತ್ತು. ಮರೆತುಹೋದೀತೆಂಬ ಭಯಕ್ಕೇ ಬರೆದಿರಬೇಕು. ಗಾಜಿನ ಪೆಟ್ಟಿಗೆಯ ಹಳೆಯ ಪುಸ್ತಕಗಳ ಮುಂದೆ ನಾನು ನಿಂತೇ ಇದ್ದೆ. ಮಗ ಸೆರಗು ಎಳೆದಂತೆ ಜಾಕೆಟ್ ಎಳೆದ, ನಿಂಜಾಗಳು ಎಸೆಯುವ ಚೂಪು ಅಲಗು ಶುರಿಕೆನ್ ಎಸೆಯಬೇಕಂತೆ. ದುಡ್ಡು ಕೊಟ್ಟು ಎಸೆದದ್ದರಲ್ಲಿ ಒಂದು ಮಾತ್ರ ಹಲಗೆಗೆ ನಾಟಿತು.

ಇದೇ ಊರಿನಲ್ಲಿ 1644ರಲ್ಲಿ ಹುಟ್ಟಿದ ಹೈಕು ಕವಿ ಬಾಶೋನ ಸ್ಮಾರಕವೂ ಅದೇ ಉದ್ಯಾನದಲ್ಲಿದೆ. ಅದರ ಚಾವಣಿ ಕವಿಯ ಪ್ರಯಾಣದ ಟೋಪಿಯ ಆಕಾರದ್ದು. ಊರೂರು ಸುತ್ತುತ್ತ ಅಷ್ಟು ದೂರ ನಡೆದವನು ನಿಂಜಾನೇ ಇರಬೇಕು ಎಂದು ಕೆಲವರ ಗುಮಾನಿ. ಕವಿಗಳು ಸುಮ್ಮನೆ ನಡೆಯುವಂತಿಲ್ಲವೇನೋ!

ವಾಪಸು ಬರುವಾಗ ಕಾತಾಯಾಕಿ ಕೊಂಡೆವು. ಗೋಧಿ ಹಿಟ್ಟಿನ ಬಿಲ್ಲೆ, ನಿಂಜಾಗಳ ಬುತ್ತಿ ಎಂದು ಇಲ್ಲಿನವರು ಮಾರುತ್ತಾರೆ. ಒಡೆಯಲು ಪುಟ್ಟ ಮರದ ಸುತ್ತಿಗೆಯೂ ಸಿಗುತ್ತದೆ. ಬಿಸ್ಕತ್ತಿಗೆ ಸುತ್ತಿಗೆ ಯಾಕೆಂದು ನಾನು ಬಿಟ್ಟು ಬಂದೆ. ಡೀಸೆಲ್ ರೈಲು ಕಣ್ಣೆದುರೇ ತಪ್ಪಿತು, ಮುಂದಿನದಕ್ಕೆ ಒಂದು ಗಂಟೆ. ಮಗ ಕಚ್ಚಿ ನೋಡಿದ, ಹಲ್ಲು ಹಿಡಿದುಕೊಂಡ. ನಾನು ಬೆಂಚಿನ ಅಂಚಿಗೆ ಬಡಿದೆ. ನಾಲ್ಕನೆಯ ಏಟಿಗೆ ಚೂರಾಗಿ, ಅರ್ಧ ಪ್ಲಾಟ್‌ಫಾರ್ಮಿಗೆ ಹಾರಿತು. ಉಳಿದದ್ದನ್ನು ಇಬ್ಬರೂ ಬಾಯಲ್ಲಿಟ್ಟು ನೆನೆಸುತ್ತ ಕೂತೆವು. ರೈಲು ಬಂದಾಗಲೂ ಅದು ಕರಗಿರಲಿಲ್ಲ.