ತಿಂಗಳ ಸಭೆಗೆ ಹೋಗುವುದರಿಂದ ಸ್ಕೌಟ್ ಮಾಸ್ಟರಿಗೆ ಏನು ಸಿಗುತ್ತದೆ?

ಸ್ಕೌಟ್ ದಳ ನಡೆಸುವ ತರಬೇತಿಯಾದ ಬೇಸಿಕ್ ಕೋರ್ಸ್ ಮುಗಿಸಿ ಕೊರಳಿಗೆ ಸ್ಕಾರ್ಫ್ ಹಾಕಿಕೊಂಡು ಶಾಲೆಗೆ ಮರಳುವ ಶಿಕ್ಷಕರು ಮೊದಲ ವರ್ಷದಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಸರ್, ತಾಲ್ಲೂಕಿನ ಸ್ಕೌಟ್ಸ್ ಸ್ಥಳೀಯ ಸಂಸ್ಥೆಯ ತಿಂಗಳ ಸಭೆಗೆ ಪ್ರತಿ ಸಲವೂ ಹೋಗಲೇಬೇಕೆ?" ಈ ಪ್ರಶ್ನೆಯನ್ನು ಸೋಮಾರಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶನಿವಾರದ ಬೆಳಗಿನ ಶಾಲೆ ಮುಗಿಸಿ, ಬಿಸಿಲಲ್ಲಿ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋಗಿ, ಸಂಜೆ ಕೊನೆಯ ಬಸ್ಸಿಗೆ ಓಡುವ ಈ ಕೆಲಸಕ್ಕೆ ಭತ್ಯೆಯೂ ಇಲ್ಲ, ಬದಲಿ ರಜೆಯೂ ಇಲ್ಲ. ನಾನು ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ; ಪಾಠದ ಜೊತೆಗೆ ಶಾಲೆಯ ಸ್ಕೌಟ್ ದಳವನ್ನೂ ಬಹಳ ಕಾಲದಿಂದ ನೋಡಿಕೊಂಡು ಬಂದಿದ್ದೇನೆ. ಹೊಸಬರಿಗೆ ನಾನು ಕೊಡುವ ಉತ್ತರ ಇಷ್ಟು: ಹೋಗಬೇಕು, ಆದರೆ ಕಾರ್ಯಸೂಚಿಯಲ್ಲಿ ಬರೆದಿರುವುದಕ್ಕಾಗಿ ಅಲ್ಲ.

ಸಭೆಯ ಮೇಲಿನ ದೂರುಗಳಲ್ಲಿ ಹುರುಳಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂವರೆಗೆ ಎಂದು ಕರೆದ ಸಭೆ ಮೂರು ದಾಟಿದ ಮೇಲೆ ಆರಂಭವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಹಿಂದಿನ ಸಭೆಯ ನಡಾವಳಿಯ ವಾಚನ ಇವೆಲ್ಲ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಆಮೇಲೆ ಜಿಲ್ಲಾ ಸಂಸ್ಥೆಯಿಂದ ಬಂದ ಸುತ್ತೋಲೆಗಳನ್ನು ಒಂದೊಂದಾಗಿ ಓದುತ್ತಾರೆ. ಅವು ವಾರದ ಹಿಂದೆಯೇ ನಮ್ಮೆಲ್ಲರ ವಾಟ್ಸ್‌ಆ್ಯಪ್‌ಗೆ ಬಂದಿರುತ್ತವೆ. ದಳದ ನವೀಕರಣ ಶುಲ್ಕ ಕಟ್ಟದ ಶಾಲೆಗಳ ಹೆಸರನ್ನು ಗಟ್ಟಿಯಾಗಿ ಓದುವುದೂ ಒಂದು ರೂಢಿ. ಯಾರಾದರೂ ಅತಿಥಿಗಳು ಬಂದಿದ್ದರೆ ಸ್ಕೌಟಿಂಗ್‌ನಿಂದ ಮಕ್ಕಳಲ್ಲಿ ಶಿಸ್ತು ಬೆಳೆಯುತ್ತದೆ ಎಂಬ ಮಾತನ್ನು, ಅದಕ್ಕಾಗಿಯೇ ಶನಿವಾರವನ್ನು ಬಿಟ್ಟುಕೊಟ್ಟು ಕುಳಿತಿರುವ ನಮಗೇ ವಿವರಿಸಿ ಹೇಳುತ್ತಾರೆ. ಶಿಕ್ಷಕರಿಗೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಹೇಗೂ ಇದ್ದೇ ಇರುವುದರಿಂದ ಇನ್ನೊಂದು ಸಭೆಯೆಂದರೆ ಮನಸ್ಸು ಹಿಂದೇಟು ಹಾಕುವುದು ಸಹಜ.

ಆದರೂ ಈ ಸಭೆಗೆ ಬದಲಿಯಾಗಿ ನಿಲ್ಲುವಂಥದ್ದು ಬೇರೇನೂ ನಮ್ಮ ಬಳಿ ಇಲ್ಲ. ದೊಡ್ಡಬಳ್ಳಾಪುರದಲ್ಲೋ ಕೊಂಡಜ್ಜಿಯಲ್ಲೋ ಇರುವ ತರಬೇತಿ ಕೇಂದ್ರದಲ್ಲಿ ಒಂದು ವಾರ ಕಳೆದು ಬಂದ ಶಿಕ್ಷಕರ ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕ ಮತ್ತು ಸಾಕಷ್ಟು ಉತ್ಸಾಹ ಇರುತ್ತವೆ. ಶಾಲೆಗೆ ಮರಳಿದ ಮೇಲೆ ಆ ಊರಿನಲ್ಲಿ ಸ್ಕೌಟಿಂಗ್ ಬಲ್ಲವರು ಅವರೊಬ್ಬರೇ. ಗಣಿತದ ಶಿಕ್ಷಕರಿಗೆ ಅನುಮಾನ ಬಂದರೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರು ಸಿಗಬಹುದು. ಪೆಟ್ರೋಲ್ ಲೀಡರ್, ಅಂದರೆ ದಳದೊಳಗಿನ ಒಂದು ಸಣ್ಣ ಗುಂಪಿನ ನಾಯಕ, ಆಗಿರುವ ಹುಡುಗ ಉಳಿದವರ ಮೇಲೆ ದರ್ಪ ತೋರಿಸುತ್ತಿದ್ದರೆ ಏನು ಮಾಡಬೇಕೆಂದು ಸ್ಕೌಟ್ ಮಾಸ್ಟರ್ ಕೇಳುವುದಾದರೂ ಯಾರನ್ನು? ಅಡ್ವಾನ್ಸ್ಡ್ ಕೋರ್ಸಿಗೆ ಹೋಗುವವರೆಗಿನ ಅವಧಿಯಲ್ಲಿ ಸಿಗುವ ತರಬೇತಿಯೆಂದರೆ ಈ ಸಭೆಯಷ್ಟೇ, ಅದು ಎಷ್ಟೇ ಅರೆಬರೆಯಾಗಿದ್ದರೂ.

ಪ್ರಯೋಜನ ಎದ್ದು ಕಾಣುವುದು ಸೋಪಾನಗಳ ಲೆಕ್ಕಾಚಾರದಲ್ಲಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಎಂಬ ಮೆಟ್ಟಿಲುಗಳನ್ನು ಹತ್ತಿದ ಮಗುವಿಗೆ ಮಾತ್ರ ರಾಜ್ಯ ಪುರಸ್ಕಾರದ ಪರೀಕ್ಷೆ, ಅದನ್ನು ದಾಟಿದವರಿಗೆ ಮಾತ್ರ ರಾಷ್ಟ್ರಪತಿ ಪುರಸ್ಕಾರ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ನಿಗದಿತ ತಿಂಗಳುಗಳ ಅಂತರ ಇರಲೇಬೇಕು. ಆರಂಭದ ಪರೀಕ್ಷೆಗಳು ದಳದಲ್ಲೇ ನಡೆದರೂ ಮುಂದಿನವು ಸ್ಥಳೀಯ, ಜಿಲ್ಲಾ, ರಾಜ್ಯ ಸಂಸ್ಥೆಗಳಿಗೆ ಹೋಗುತ್ತವೆ. ಪ್ರಾಥಮಿಕ ಶಾಲೆಯಲ್ಲಿ ದಳವಿಲ್ಲದೆ ನೇರವಾಗಿ ಎಂಟನೆಯ ತರಗತಿಯಲ್ಲಿ ನಮ್ಮಲ್ಲಿಗೆ ಬಂದು ಸೇರುವ ಹುಡುಗನಿಗೆ ಎಸ್ಸೆಸ್ಸೆಲ್ಸಿವರೆಗೆ ಇರುವುದು ಮೂರೇ ವರ್ಷ. ಹತ್ತನೆಯ ತರಗತಿಯಲ್ಲಿ ಪೋಷಕರು ಶಿಬಿರಕ್ಕೆ ಕಳಿಸಲು ಒಪ್ಪುವುದಿಲ್ಲವಾದ್ದರಿಂದ ನಿಜವಾಗಿ ಎರಡೇ ವರ್ಷವೆನ್ನಬೇಕು. ಇಷ್ಟು ಇಕ್ಕಟ್ಟಿನಲ್ಲಿ ಒಂದು ಪರೀಕ್ಷಾ ಶಿಬಿರ ತಪ್ಪಿಹೋದರೆ ಮುಂದಿನದೆಲ್ಲವೂ ಕೈತಪ್ಪುತ್ತದೆ.

ಸುತ್ತೋಲೆಯಲ್ಲಿ ಶಿಬಿರದ ದಿನಾಂಕ ಇರುತ್ತದೆ, ನಿಜ. ಆದರೆ ಮಗುವಿನ ಚಟುವಟಿಕೆ, ಪರೀಕ್ಷೆಗಳ ದಾಖಲೆಯಾದ ಲಾಗ್ ಪುಸ್ತಕವನ್ನು ಪರೀಕ್ಷಕರು ಹೇಗೆ ತಿರುವಿ ನೋಡುತ್ತಾರೆ ಎಂಬುದು ಸುತ್ತೋಲೆಯಲ್ಲಿ ಇರುವುದಿಲ್ಲ. ಒಂದು ಸಭೆಯಲ್ಲಿ ಹಿರಿಯ ಸ್ಕೌಟ್ ಮಾಸ್ಟರೊಬ್ಬರು ಹೊಸ ಶಿಕ್ಷಕರು ತಂದಿದ್ದ ಲಾಗ್ ಪುಸ್ತಕಗಳನ್ನು ಬೆಂಚಿನ ಮೇಲೆ ಹರಡಿಕೊಂಡು ಕುಳಿತರು. ಚಿತ್ರಗಳನ್ನಾಗಲಿ ಅಂದವಾದ ಅಕ್ಷರಗಳನ್ನಾಗಲಿ ಅವರು ನೋಡಲಿಲ್ಲ. ನೇರವಾಗಿ ದಿನಾಂಕಗಳ ಪುಟಕ್ಕೆ ಹೋಗಿ ಎರಡು ಸೋಪಾನಗಳ ನಡುವಿನ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದರು. ಒಂದು ಪುಸ್ತಕದಲ್ಲಿ ಅಂತರ ನಿಯಮಕ್ಕಿಂತ ಕಡಿಮೆಯಿತ್ತು, ಇನ್ನೊಂದರಲ್ಲಿ ಒಂದು ಕೌಶಲ ಕಲಿತದ್ದಕ್ಕೆ ಸಿಗುವ ದಕ್ಷತಾ ಬ್ಯಾಡ್ಜಿನ ಪುಟಕ್ಕೆ ಪರೀಕ್ಷಕರ ಸಹಿಯೇ ಇರಲಿಲ್ಲ. "ಮೇಡಂ, ಈ ಹುಡುಗನಿಗೆ ಇನ್ನೂ ಸಮಯ ಇದೆ, ಆತುರ ಮಾಡಬೇಡಿ, ಆದರೆ ಆ ಸಹಿಯನ್ನು ಈ ತಿಂಗಳೇ ಮಾಡಿಸಿಬಿಡಿ, ಶಿಬಿರದ ಬಾಗಿಲಲ್ಲಿ ಹೇಳಿದರೆ ಮಗು ಅಳುತ್ತದೆ" ಎಂದರು. ಕಾರ್ಯಸೂಚಿಯಲ್ಲಿ ಇರದಿದ್ದ ಆ ಕಾಲು ಗಂಟೆಯ ಕೆಲಸವನ್ನು ಯಾವ ಸಂದೇಶವೂ ಮಾಡಿಕೊಡಲಾರದು, ಏಕೆಂದರೆ ತಮ್ಮ ಪುಸ್ತಕದಲ್ಲಿ ಕೊರತೆಯಿದೆ ಎಂಬುದೇ ಆ ಶಿಕ್ಷಕರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ವಾಟ್ಸ್‌ಆ್ಯಪ್‌ನಲ್ಲಿ ಕೇಳುವುದಿಲ್ಲ.

ಕೈಕೆಲಸದ ವಿಷಯವೂ ಹೀಗೆಯೇ. ಎರಡು ಬಿದಿರಿನ ಗಳಗಳನ್ನು ಅಡ್ಡಲಾಗಿ ಬಿಗಿಯುವ ಸ್ಕ್ವೇರ್ ಲ್ಯಾಶಿಂಗ್ ಅನ್ನು ಪುಸ್ತಕದ ಚಿತ್ರ ನೋಡಿ ಕಲಿತವರು ಕಟ್ಟಿದ ಪಾತ್ರೆ ಸ್ಟ್ಯಾಂಡ್ ಶಿಬಿರದ ಎರಡನೆಯ ದಿನ ವಾಲತೊಡಗುತ್ತದೆ. ನೆಟ್ಟ ಗಳಕ್ಕೆ ಕ್ಲೋವ್ ಹಿಚ್ ಎಂಬ ಮೊದಲ ಗಂಟು ಹಾಕುವಾಗ ಅದು ಅಡ್ಡ ಗಳದ ಕೆಳಗಡೆ ಬರಬೇಕು, ಆಗ ಭಾರ ಅದರ ಮೇಲೆ ಕೂರುತ್ತದೆ. ಮೂರು ಸುತ್ತು ಸುತ್ತಿದ ಮೇಲೆ ಎರಡು ಗಳಗಳ ನಡುವೆ ಹಗ್ಗವನ್ನು ತೂರಿಸಿ ಎಳೆಯುವ ಫ್ರ್ಯಾಪಿಂಗ್ ಸುತ್ತುಗಳಲ್ಲೇ ಬಿಗಿಯ ಗುಟ್ಟೆಲ್ಲ ಇದೆ. ಅಲ್ಲಿ ಬರಿ ಕೈಯಿಂದ ಎಳೆದರೆ ಸಾಲದು. ಹಗ್ಗದ ತುದಿಯನ್ನು ಒಂದು ತುಂಡು ಕೋಲಿಗೆ ಸುತ್ತಿ, ಕಾಲನ್ನು ಗಳಕ್ಕೆ ಒತ್ತಿ, ಮೈಭಾರ ಹಾಕಿ ಎಳೆಯಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೈಲಾನ್ ಹಗ್ಗ ಬಿದಿರಿನ ನುಣುಪಿನ ಮೇಲೆ ಜಾರುತ್ತದೆ. ತೆಂಗಿನ ನಾರಿನ ಹಗ್ಗ ಕೈಗೆ ಒರಟಾದರೂ ಕಚ್ಚಿಕೊಂಡು ನಿಲ್ಲುತ್ತದೆ. ಇವನ್ನೆಲ್ಲ ನಿವೃತ್ತ ಶಿಕ್ಷಕರೊಬ್ಬರು ಸಭೆ ಮುಗಿದ ಮೇಲೆ ಹೊರಗಿನ ಅಂಗಳದಲ್ಲಿ, ಚಹಾದ ಲೋಟವನ್ನು ಮೆಟ್ಟಿಲ ಮೇಲಿಟ್ಟು ತೋರಿಸಿಕೊಟ್ಟರು. ಒಳಗಿನ ಸಭೆಯಲ್ಲಿ ಅವರಿಗೆ ಮಾತಾಡಲು ಅವಕಾಶವೇ ಬಂದಿರಲಿಲ್ಲವೆಂಬುದನ್ನೂ ಹೇಳಬೇಕು.

ಹೆಣ್ಣುಮಕ್ಕಳ ದಳವಾದ ಗೈಡ್ ಕಂಪನಿಯನ್ನು ನಡೆಸುವ ಗೈಡ್ ಕ್ಯಾಪ್ಟನ್‌ಗಳ ಪಾಲಿಗೆ ಸಭೆಯ ಅಗತ್ಯ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಬಾಲಕರ ಸಂಘಟನೆಗಳು 1950ರ ನವೆಂಬರ್ 7ರಂದು ಒಂದಾಗಿ, ಮರುವರ್ಷ ಆಗಸ್ಟ್ 15ರಂದು ಗೈಡ್ ಸಂಘಟನೆಯೂ ಜೊತೆಗೂಡಿದ್ದರಿಂದ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಸಭೆಗಳಲ್ಲಿ ಸ್ಕೌಟ್ ಮಾಸ್ಟರುಗಳೂ ಗೈಡ್ ಕ್ಯಾಪ್ಟನ್‌ಗಳೂ ಒಟ್ಟಿಗೆ ಕೂರುತ್ತಾರೆ. ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕರೆದೊಯ್ಯಲು ಮಹಿಳಾ ನಾಯಕಿಯೇ ಬೇಕು. ಒಬ್ಬರೇ ಶಿಕ್ಷಕಿಯಿರುವ ಹಳ್ಳಿಯ ಪ್ರೌಢಶಾಲೆಯಲ್ಲಿ ಆ ಒಬ್ಬರಿಗೆ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಗೈಡ್ ಕಂಪನಿಯ ಶಿಬಿರ ಅಲ್ಲಿಗೇ ನಿಂತಿತು. ನಮ್ಮ ತಾಲ್ಲೂಕಿನಲ್ಲಿ ಅಕ್ಕಪಕ್ಕದ ಶಾಲೆಗಳ ಇಬ್ಬರು ಗೈಡ್ ಕ್ಯಾಪ್ಟನ್‌ಗಳು ಸಭೆಯಲ್ಲಿ ಪರಿಚಯವಾಗಿ, ಎರಡೂ ಕಂಪನಿಗಳನ್ನು ಒಟ್ಟುಗೂಡಿಸಿ ಸರದಿಯಂತೆ ಕರೆದೊಯ್ಯುವ ಏರ್ಪಾಡು ಮಾಡಿಕೊಂಡರು. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಶಾಲೆಯ ಹೊರಗಿನ ಕರ್ತವ್ಯಕ್ಕೆ ಕೊಡುವ ಒ.ಒ.ಡಿ. ಆದೇಶ ಎಲ್ಲವೂ ಆಮೇಲೆ ಬಂದವು. ಮೊದಲು ಬೇಕಾಗಿದ್ದದ್ದು ಪರಸ್ಪರ ನಂಬಿಕೆ. ಬೇರೆ ಶಾಲೆಯವರ ಕೈಗೆ ನಮ್ಮ ಹೆಣ್ಣುಮಕ್ಕಳನ್ನು ಒಪ್ಪಿಸಬೇಕೆಂದರೆ ಆ ಮನುಷ್ಯರನ್ನು ನಾಲ್ಕಾರು ಸಲವಾದರೂ ನೋಡಿ ಮಾತಾಡಿರಬೇಕಷ್ಟೆ. ಡೇರೆಗಳು, ದೊಡ್ಡ ಪಾತ್ರೆಗಳು, ಧ್ವಜಸ್ತಂಭದ ಹಗ್ಗ ಇವು ಶಾಲೆಯಿಂದ ಶಾಲೆಗೆ ಎರವಲು ಹೋಗುವುದೂ ಇದೇ ಪರಿಚಯದ ಬಲದ ಮೇಲೆ.

ಹಾಗೆಂದು ಎಲ್ಲ ತಿಂಗಳೂ ಹೋಗಬೇಕೆಂದು ನಾನು ಹೇಳುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷಾ ಕರ್ತವ್ಯವಿರುವಾಗ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋಗುವುದರಲ್ಲಿ ಅರ್ಥವಿಲ್ಲ. ಶಾಲೆಯಲ್ಲಿ ಸ್ಕೌಟ್ ಮಾಸ್ಟರ್ ಮತ್ತು ಗೈಡ್ ಕ್ಯಾಪ್ಟನ್ ಇಬ್ಬರೂ ಇದ್ದರೆ ಸರದಿಯಲ್ಲಿ ಹೋಗಿ ಬಂದು ಒಬ್ಬರಿಗೊಬ್ಬರು ವಿಷಯ ತಿಳಿಸಿದರೆ ಸಾಕು. ಆದರೆ ಶೈಕ್ಷಣಿಕ ವರ್ಷದ ಆರಂಭದ ಸಭೆ ಮತ್ತು ಪರೀಕ್ಷಾ ಶಿಬಿರಗಳಿಗೆ ಮುಂಚಿನ ಸಭೆ ಈ ಎರಡನ್ನು ಬಿಡಬಾರದು. ಮೊದಲನೆಯದರಲ್ಲಿ ವರ್ಷದ ಕಾರ್ಯಕ್ರಮ ನಿಗದಿಯಾಗುತ್ತದೆ. ನಮ್ಮ ಶಾಲೆಯ ಕ್ರೀಡಾಕೂಟದ ದಿನವೇ ತಾಲ್ಲೂಕು ರ್‍ಯಾಲಿ ಇಡಬೇಡಿ ಎಂದು ಹೇಳುವ ಅವಕಾಶ ಆಗ ಮಾತ್ರ ಇರುತ್ತದೆ. ಶಾಲೆಗೆ ಸಂಬಂಧಿಸದ ಮುಕ್ತ ದಳಗಳನ್ನು ನಡೆಸುವ ಬ್ಯಾಂಕ್ ನೌಕರರೋ ವ್ಯಾಪಾರಿಗಳೋ ನಮ್ಮ ಜೊತೆ ಇದ್ದರೆ ಶನಿವಾರದ ಮಧ್ಯಾಹ್ನ ಅವರಿಗೆ ಆಗಿಬರುವುದಿಲ್ಲ ಎಂಬುದನ್ನೂ ಸಂಸ್ಥೆಯವರು ಗಮನಿಸಬೇಕು. ವೃತ್ತಿಯಿಂದ ಶಿಕ್ಷಕರಾದ ನಾವು ನಮ್ಮ ಗಡಿಯಾರವೇ ಎಲ್ಲರ ಗಡಿಯಾರ ಎಂದುಕೊಂಡುಬಿಡುತ್ತೇವೆ.

ಸಭೆಯ ಸ್ವರೂಪವನ್ನು ಬದಲಿಸುವುದು ಅಷ್ಟೇನೂ ಕಷ್ಟವಲ್ಲ. ಸ್ಕೌಟಿಂಗ್ ಆರಂಭಿಸಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲಿ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಹಂಚಿ ಪ್ರತಿಯೊಂದಕ್ಕೂ ಒಬ್ಬ ನಾಯಕನನ್ನು ಕೊಟ್ಟರು. ನಮ್ಮ ದಳಗಳಲ್ಲೂ ಪೆಟ್ರೋಲ್ ಲೀಡರುಗಳು ಒಟ್ಟಿಗೆ ಕೂತು ಮುಂದಿನ ಕಾರ್ಯಕ್ರಮವನ್ನು ತೀರ್ಮಾನಿಸುತ್ತಾರೆ. ಮಕ್ಕಳಿಗೆ ಕಲಿಸುವ ಈ ಪದ್ಧತಿಯನ್ನು ದೊಡ್ಡವರ ಸಭೆಯಲ್ಲಿ ಏಕೆ ಮರೆಯಬೇಕು ಎಂದು ನಮ್ಮಲ್ಲಿ ಕೆಲವರು ಕಾರ್ಯದರ್ಶಿಗಳ ಬಳಿ ಹೇಳಿಕೊಂಡೆವು. ಅವರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಈಗ ನಮ್ಮಲ್ಲಿ ಸುತ್ತೋಲೆಗಳನ್ನು ಓದುವುದಿಲ್ಲ, ಪ್ರತಿಗಳನ್ನು ಗೋಡೆಗೆ ಅಂಟಿಸುತ್ತಾರೆ, ಅನುಮಾನವಿದ್ದವರು ಕೇಳುತ್ತಾರೆ. ಬಂದವರು ಹೋಬಳಿವಾರು ಗುಂಪುಗಳಾಗಿ ಕೂರುತ್ತಾರೆ, ಪ್ರತಿ ತಿಂಗಳು ಒಂದು ಗುಂಪು ಒಂದು ಆಟವನ್ನೋ ಗಂಟನ್ನೋ ಪ್ರಥಮ ಚಿಕಿತ್ಸೆಯ ಒಂದು ಪಾಠವನ್ನೋ ಉಳಿದವರಿಂದ ಮಾಡಿಸುತ್ತದೆ. ತ್ರಿಕೋನ ಬ್ಯಾಂಡೇಜಿನಲ್ಲಿ ತೋಳು ತೂಗುಹಾಕುವುದನ್ನು ಒಬ್ಬ ಹೊಸ ಶಿಕ್ಷಕರು ಮುಖ್ಯ ಶಿಕ್ಷಕರೊಬ್ಬರ ಮೇಲೆ ಕಟ್ಟಿ ತೋರಿಸಿದ ದಿನ ಎಲ್ಲರೂ ಐದು ಗಂಟೆಯವರೆಗೆ ಕುಳಿತಿದ್ದರು. ಹಾಜರಾತಿ ದಿಢೀರನೆ ದುಪ್ಪಟ್ಟಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ; ಆದರೆ ಬಂದವರು ಸಹಿ ಹಾಕಿ ಹಿಂಬಾಗಿಲಿಂದ ಹೊರಡುವುದು ನಿಂತಿದೆ.

ನಿಮ್ಮ ಸ್ಥಳೀಯ ಸಂಸ್ಥೆಯಲ್ಲಿ ಇನ್ನೂ ಹಳೆಯ ಕ್ರಮವೇ ಇದ್ದರೂ ಬರಿಗೈಯಲ್ಲಿ ಹೋಗಬೇಡಿ. ದಳದ ದಾಖಲೆ ಪುಸ್ತಕ, ಒಂದೆರಡು ಮಕ್ಕಳ ಲಾಗ್ ಪುಸ್ತಕ, ಮೂರು ಮೀಟರ್ ಹಗ್ಗ ಚೀಲದಲ್ಲಿರಲಿ. ಕೇಳಬೇಕಾದ ಪ್ರಶ್ನೆಯೊಂದನ್ನು ಮೊದಲೇ ಬರೆದಿಟ್ಟುಕೊಳ್ಳಿ. ವೇದಿಕೆಯ ಮಾತು ಮುಗಿಯುವವರೆಗೆ ಕಾಯಬೇಕಾಗಿಲ್ಲ, ಸಭೆ ಆರಂಭವಾಗುವ ಮುನ್ನ ಸಿಗುವ ಆ ಮುಕ್ಕಾಲು ಗಂಟೆಯಲ್ಲೇ ಹಿರಿಯರೊಬ್ಬರ ಪಕ್ಕ ಹೋಗಿ ಕೂರಿ. ಕೆಲಸದ ದಿನದಲ್ಲಿ ಸಭೆ ಕರೆದಿದ್ದರೆ ಒ.ಒ.ಡಿ. ಆದೇಶದ ಪ್ರತಿಯನ್ನು ಹಿಂದಿನ ದಿನವೇ ಮುಖ್ಯ ಶಿಕ್ಷಕರಿಗೆ ಕೊಟ್ಟು, ಹಾಜರಿ ಪ್ರಮಾಣಪತ್ರವನ್ನು ಹೊರಡುವ ಮೊದಲು ಕಾರ್ಯದರ್ಶಿಗಳಿಂದ ಕೇಳಿ ಪಡೆಯಿರಿ. ಆಮೇಲೆ ಕೇಳಿದರೆ ಅದು ಮುಂದಿನ ತಿಂಗಳ ಸಭೆಯಲ್ಲೇ ಸಿಗುವುದು.